ಹುದ್ದೆಯೊಳಗಿನ ಕೆಲಸ

ಎಲ್ಲರಿಗೂ ನಮಸ್ಕಾರ. ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಯಾವ ಕೋರ್ಸು, ಯಾವ ಕಾಲೇಜು, ಮುಂದೆ ಯಾವ ಹುದ್ದೆ ಎಂಬುದನ್ನು ಬಿಟ್ಟು ಬೇರೆ ಮಾತೇ ಇರುವುದಿಲ್ಲ. ಒಳ್ಳೆಯ ಹುದ್ದೆ ಸಿಕ್ಕಿದರೆ ತೃಪ್ತಿ ತಾನಾಗಿ ಬರುತ್ತದೆ ಎಂದು ದೊಡ್ಡವರೂ ಮಕ್ಕಳೂ ನಂಬಿದ್ದಾರೆ. ಕೆಲಸದ ಬಗ್ಗೆ ಮನೋವಿಜ್ಞಾನಿಗಳು ದಶಕಗಳಿಂದ ನಡೆಸಿರುವ ಅಧ್ಯಯನಗಳನ್ನು ಓದುತ್ತಾ ಹೋದರೆ ಈ ನಂಬಿಕೆ ಅಲುಗಾಡುತ್ತದೆ. ಹುದ್ದೆಯ ಹೆಸರಿಗಿಂತಲೂ, ಆ ಹುದ್ದೆಯಲ್ಲಿ ನಮ್ಮ ತೀರ್ಮಾನಕ್ಕೆ ಎಷ್ಟನ್ನು ಬಿಟ್ಟಿದ್ದಾರೆ, ನಮ್ಮ ಕೆಲಸ ಯಾರಿಗೆ ತಲುಪುತ್ತದೆ ಎಂಬುದೇ ಮುಖ್ಯ ಎಂದು ನನಗೆ ಮನವರಿಕೆಯಾಗಿದೆ.

ಅಮೆರಿಕದ ಏಮಿ ರೆಸ್ನೆಸ್ಕಿ ಮತ್ತು ಸಂಗಡಿಗರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ಕೆಲಸ ಸಂಬಳದ ದಾರಿ, ಕೆಲವರಿಗೆ ಏರಬೇಕಾದ ಮೆಟ್ಟಿಲು, ಇನ್ನು ಕೆಲವರಿಗೆ ಅದೇ ಕಾಯಕ. ಮೂರು ಗುಂಪುಗಳೂ ಹೆಚ್ಚು ಕಡಿಮೆ ಸಮನಾಗಿದ್ದವು. ವೈದ್ಯರೆಲ್ಲ ಕಾಯಕದವರು, ಗುಮಾಸ್ತರೆಲ್ಲ ಸಂಬಳದವರು ಎಂದು ನಾವು ಊಹಿಸುತ್ತೇವೆ. ಆದರೆ ಅಧ್ಯಯನದಲ್ಲಿದ್ದ 24 ಮಂದಿ ಕಾಲೇಜು ಆಡಳಿತ ಸಹಾಯಕರನ್ನಷ್ಟೇ ಬೇರೆಯಾಗಿ ನೋಡಿದಾಗಲೂ ಅವರು ಇದೇ ಮೂರು ಪಾಲಾಗಿ ಹಂಚಿಹೋಗಿದ್ದರು. ಹುದ್ದೆ ಒಂದೇ, ಅನುಭವ ಮೂರು ಬಗೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ರೆಸ್ನೆಸ್ಕಿ ಮತ್ತು ಜೇನ್ ಡಟನ್ ಅಲ್ಲಿನ ಆಸ್ಪತ್ರೆಯೊಂದರ ಸ್ವಚ್ಛತಾ ಸಿಬ್ಬಂದಿಯೊಡನೆ ನಡೆಸಿದ ಮಾತುಕತೆ. ಕೆಲವರು ನೆಲ ಒರೆಸುವುದು, ಕಸ ತೆಗೆಯುವುದು ಎಂದು ಪಟ್ಟಿ ಒಪ್ಪಿಸಿ, ಇದಕ್ಕೆ ಅಂಥ ಕೌಶಲವೇನೂ ಬೇಡ ಎಂದರು. ಅದೇ ಕೆಲಸದ ಇನ್ನು ಕೆಲವರು, ಇದಕ್ಕೆ ಬಹಳ ಕೌಶಲ ಬೇಕು ಎಂದರು. ಯಾವ ರೋಗಿ ಒಂಟಿಯಾಗಿದ್ದಾರೆ ಎಂದು ಗಮನಿಸಿ ಅವರನ್ನು ಮಾತಾಡಿಸಲು ಮತ್ತೊಮ್ಮೆ ಆ ಕೋಣೆಗೆ ಹೋಗುತ್ತಿದ್ದರು. ದೀರ್ಘಕಾಲದಿಂದ ಪ್ರಜ್ಞೆಯಿಲ್ಲದ ರೋಗಿಗಳಿದ್ದ ವಾರ್ಡಿನಲ್ಲಿ ಒಬ್ಬರು ಗೋಡೆಯ ಚಿತ್ರಪಟಗಳ ಜಾಗ ಬದಲಿಸುತ್ತಿದ್ದರು. ಸುತ್ತಲಿನ ನೋಟ ಬದಲಾದರೆ ರೋಗಿಗೆ ಏನಾದರೂ ಅನುಕೂಲವಾದೀತು ಎಂಬ ಆಸೆಯಿಂದ. ಅದನ್ನು ಮಾಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಪ್ಪಿಸಿದ ಕೆಲಸವನ್ನು ಹೀಗೆ ತಮ್ಮ ಮಟ್ಟದಲ್ಲೇ ರೂಪಿಸಿಕೊಳ್ಳುವುದಕ್ಕೆ 2001ರಲ್ಲಿ ಇಬ್ಬರೂ ‘ಜಾಬ್ ಕ್ರಾಫ್ಟಿಂಗ್’ ಎಂದು ಹೆಸರಿಟ್ಟರು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಈ ಅಧ್ಯಯನವನ್ನು ಹಿಡಿದು, ಅರ್ಥವನ್ನು ನೀವೇ ಕಂಡುಕೊಳ್ಳಿ, ಸಂಬಳದ ಮಾತು ಬೇಡ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನಮ್ಮ ಆಸ್ಪತ್ರೆಗಳಲ್ಲಿ ಇಂಥ ಕೆಲಸ ಮಾಡುವ ಎಷ್ಟೋ ಮಂದಿ ಗುತ್ತಿಗೆ ನೌಕರರು. ನಾಳೆ ಕೆಲಸವಿದೆಯೇ ಎಂಬ ಚಿಂತೆಯಲ್ಲಿರುವವರಿಗೆ ಅರ್ಥ ಹುಡುಕಿಕೊಳ್ಳಿ ಎನ್ನುವುದು ಅನ್ಯಾಯ. ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್‌ನ ಸುಮಾರು 200 ಎಂಜಿನಿಯರು ಮತ್ತು ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲೇ ಇದಕ್ಕೆ ಸಂಬಂಧಿಸಿದ ಒಂದು ಮಾತು ಹೇಳಿದ್ದರು: ಸಂಬಳ, ಮೇಲಧಿಕಾರಿಯ ವರ್ತನೆ, ಸಂಸ್ಥೆಯ ನಿಯಮಗಳು ಕೆಟ್ಟಿದ್ದರೆ ಅತೃಪ್ತಿ ಹುಟ್ಟುತ್ತದೆ; ಅವು ಸರಿಯಾದ ಮಾತ್ರಕ್ಕೆ ತೃಪ್ತಿ ಹುಟ್ಟುವುದಿಲ್ಲ, ಅದು ಸಾಧನೆ, ಮನ್ನಣೆ ಮತ್ತು ಕೆಲಸದ ಸ್ವರೂಪದಿಂದ ಬರುತ್ತದೆ. ಒಳ್ಳೆಯದಾದರೆ ತಾವು ಕಾರಣ, ಕೆಟ್ಟದಾದರೆ ಕಚೇರಿ ಕಾರಣ ಎನ್ನುವುದು ಮನುಷ್ಯರ ಸ್ವಭಾವ, ಆದ್ದರಿಂದ ಆ ಉತ್ತರಗಳು ಹಾಗೆ ಬಂದಿವೆ ಎಂಬ ಟೀಕೆಯೂ ಇದೆ. ಟೀಕೆಯಲ್ಲಿ ಹುರುಳಿದೆ. ಆದರೂ ಅತೃಪ್ತಿಗೆ ಕಾರಣವೇನು, ತೃಪ್ತಿಗೆ ಕಾರಣವೇನು ಎಂದು ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು ಎಂಬ ಅವರ ಪಾಠ ಉಳಿಯುತ್ತದೆ.

ತೀರ್ಮಾನದ ಹಕ್ಕು ಮನಸ್ಸಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮೈಕೆಲ್ ಮಾರ್ಮಟ್ ಅವರ ತಂಡ 1985ರಿಂದ ಲಂಡನ್ನಿನ 10,308 ಸರ್ಕಾರಿ ನೌಕರರ ಆರೋಗ್ಯವನ್ನು ಬೆನ್ನುಹತ್ತಿತು. ಹೃದ್ರೋಗ ಹೆಚ್ಚಾಗಿ ಕಂಡಿದ್ದು ಹೊಣೆ ಹೊತ್ತ ಮೇಲಧಿಕಾರಿಗಳಲ್ಲಿ ಅಲ್ಲ, ಕೆಳದರ್ಜೆಯವರಲ್ಲಿ. ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂಬುದರಲ್ಲಿ ತಮ್ಮ ಮಾತಿಗೆ ಬೆಲೆಯಿಲ್ಲದಿರುವುದು ಈ ಅಂತರದ ಒಂದು ದೊಡ್ಡ ಕಾರಣವಾಗಿತ್ತು. ಒಳ್ಳೆಯ ಕೆಲಸವೆಂದರೆ ಒತ್ತಡವಿಲ್ಲದ ಕೆಲಸ ಎಂದುಕೊಂಡವರು ಇದನ್ನು ಯೋಚಿಸಬೇಕು.

ಸಂಸ್ಥೆಗಳು ಮಾಡಬಹುದಾದ ಸಣ್ಣ ಕೆಲಸವೂ ಇದೆ. ಆಡಂ ಗ್ರಾಂಟ್ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಫೋನ್ ಮೂಲಕ ದೇಣಿಗೆ ಕೇಳುತ್ತಿದ್ದವರಿಗೆ, ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ವಿದ್ಯಾರ್ಥಿಯೊಬ್ಬನನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ಒಂದು ತಿಂಗಳ ಬಳಿಕ ಅವರು ಫೋನಿನಲ್ಲಿ ಕಳೆಯುವ ಸಮಯ ಶೇ 142ರಷ್ಟು, ತಂದ ಹಣ ಶೇ 171ರಷ್ಟು ಹೆಚ್ಚಿತ್ತು. ಅಂಥ ವಿದ್ಯಾರ್ಥಿಯ ಪತ್ರವನ್ನಷ್ಟೇ ಓದಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಮುಖಾಮುಖಿ ಬೇಕಿತ್ತು.

ಇನ್ನು, ನನಗೆ ಯಾವುದರಲ್ಲಿ ಆಸಕ್ತಿ ಎಂದೇ ತಿಳಿಯದು ಎಂದು ಕೊರಗುವ ವಿದ್ಯಾರ್ಥಿಗಳಿಗೆ ಒಂದು ಸಮಾಧಾನ. 2018ರಲ್ಲಿ ಪಾಲ್ ಒಕೀಫ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗ್ ವಾಲ್ಟನ್ ವಿದ್ಯಾರ್ಥಿಗಳಿಗೆ ಕಪ್ಪುಕುಳಿಗಳ ಬಗ್ಗೆ ಸೊಗಸಾದ ವಿಡಿಯೊ ತೋರಿಸಿ, ನಂತರ ಅದೇ ವಿಷಯದ ಕಠಿಣ ಲೇಖನವನ್ನು ಓದಲು ಕೊಟ್ಟರು. ಆಸಕ್ತಿ ಹುಟ್ಟಿನಿಂದ ಬರುವಂಥದ್ದು ಎಂದು ನಂಬಿದವರ ಉತ್ಸಾಹ ಹೆಚ್ಚು ಕುಸಿಯಿತು. ಆಸಕ್ತಿ ಬೆಳೆಯುತ್ತದೆ ಎಂದುಕೊಂಡವರಲ್ಲಿ ಅಷ್ಟು ಕುಸಿಯಲಿಲ್ಲ. ಮೊದಲ ವರ್ಷದ ಕಷ್ಟವನ್ನು ನೋಡಿ, ಇದು ನನ್ನ ಕ್ಷೇತ್ರವಲ್ಲ ಎಂದು ತೀರ್ಮಾನಿಸಬೇಡಿ.

ಮುಂದೆ ಸಂದರ್ಶನಕ್ಕೆ ಹೋದಾಗ ಸಂಬಳ ಕೇಳಿ, ಖಂಡಿತ ಕೇಳಿ. ಅದಾದ ಮೇಲೆ ಆ ಹುದ್ದೆಯಲ್ಲಿ ಈಗಾಗಲೇ ಇರುವ ಒಬ್ಬರನ್ನು ಹುಡುಕಿ ಎರಡು ವಿಷಯ ವಿಚಾರಿಸಿ: ನಿನ್ನೆ ನೀವೇ ತೀರ್ಮಾನಿಸಿ ಮಾಡಿದ್ದು ಏನು, ಅದರಿಂದ ಅನುಕೂಲವಾದವರನ್ನು ನೀವು ಎಂದಾದರೂ ಕಂಡಿದ್ದೀರಾ?