ಲಾಕಪ್ಪಿಗೆ ಹಾಕಬಾರದವರು

ಕೇಳುಗರಿಗೆ ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಬೇರೆ ಬೇರೆ ಠಾಣೆಗಳಲ್ಲಿ ಕೆಲಸ ಮಾಡಿ, ಎಎಸ್‌ಐ ಆಗಿ ನಿವೃತ್ತನಾದವನು. ಮನೆ ಪೆರ್ಲದ ಹತ್ತಿರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಠಾಣೆಯಲ್ಲಿ ಮಲಯಾಳ. ನಮ್ಮ ಕಡೆಯವರಿಗೆ ಇದೇನೂ ಹೊಸದಲ್ಲ. ಮನಸ್ಸಿಗೆ ಸೌಖ್ಯ ಇಲ್ಲದವರ ಹತ್ತಿರ ಪೊಲೀಸರು ಹೇಗೆ ನಡೆದುಕೊಳ್ಳಬೇಕು ಅಂತ ಇವತ್ತು ಮಾತಾಡಬೇಕು. ಅದಕ್ಕಿಂತ ಮೊದಲು ನಾನು ಹೇಗೆ ನಡೆದುಕೊಂಡೆ ಅನ್ನುವುದನ್ನು ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆ. ಮಳೆಗಾಲದ ಒಂದು ರಾತ್ರಿ. ರೈಲು ಹಳಿಯ ಹತ್ತಿರ ಅಲೆಯುತ್ತಿದ್ದ ಒಬ್ಬನನ್ನು ಊರವರು ಹಿಡಿದು ತಂದರು. ಕೈಗಳನ್ನು ನಾರಿನ ಹಗ್ಗದಲ್ಲಿ ಬಿಗಿದಿದ್ದರು. ಕಳ್ಳ ಅಂತ ಅವರ ಅನುಮಾನ. ನಮಗೆ ನೋಡಿದ ಕೂಡಲೇ ಗೊತ್ತಾಯಿತು, ಕಳ್ಳ ಅಲ್ಲ. ಹರಕು ಅಂಗಿ, ತನ್ನಷ್ಟಕ್ಕೇ ಏನೋ ಮಾತು. ಪಾರಾದಲ್ಲಿ, ಅಂದರೆ ಠಾಣೆಯ ಕಾವಲಿನಲ್ಲಿ, ಇದ್ದವರು 'ಪ್ರಾಂದನ್' ಅಂದರು. ಮರುಳ ಅಂತ ಅರ್ಥ. ಮೇಲಿನವರು ಮಲಯಾಳದಲ್ಲಿ ಹೆಸರು ಕೇಳಿದರು, ಹಿಂದಿಯಲ್ಲಿ ಕೇಳಿದರು, ಆಮೇಲೆ ಗದರಿಸಿ ಕೇಳಿದರು. ಅವನು ಕಿವಿ ಮುಚ್ಚಿಕೊಂಡ. ಮತ್ತೆ ಎಲ್ಲಿ ಇಡುವುದು? ಲಾಕಪ್ಪಿಗೆ ಹಾಕಿದೆವು. ಬೀಗ ಹಾಕಿದ್ದು ನಾನೇ.

ಬೆಳಿಗ್ಗೆ ಚಹಾ ಕೊಡುವಾಗ ಬಾಯಿತಪ್ಪಿ ಕನ್ನಡದಲ್ಲಿ 'ಬಿಸಿ ಉಂಟು, ಜಾಗ್ರತೆ' ಅಂದೆ. ಅವನು ತಲೆ ಎತ್ತಿದ. 'ಇರಲಿ ಬಿಡ್ರಿ ಅಣ್ಣಾರ, ರಾತ್ರಿ ಭಾಳ ಥಂಡಿ ಇತ್ತು' ಅಂದ. ಗದಗದ ಕಡೆಯವನು. ಊರಿನ ಹೆಸರು, ಅಪ್ಪನ ಹೆಸರು, ಎರಡನ್ನೂ ಸರಿಯಾಗಿ ಹೇಳಿದ. ಇಡೀ ರಾತ್ರಿ ನಾನು ಅವನಿಂದ ಹತ್ತಡಿ ದೂರದಲ್ಲಿ ಕೂತಿದ್ದೆ. ಆ ಠಾಣೆಯಲ್ಲಿ ಕನ್ನಡ ಬರುವವನು ನಾನೊಬ್ಬನೇ. ಮರುಳನ ಹತ್ತಿರ ಎಂತ ಮಾತು ಅಂತ ಸುಮ್ನೆ ಇದ್ದೆ.

ಆಗ ಇದ್ದದ್ದು 1987ರ ಕಾನೂನು. ಇಂಥವರನ್ನು ಹಿಡಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ತಪ್ಪೇ ಮಾಡದವನು ಕೋರ್ಟಿನ ಮೆಟ್ಟಿಲು ಹತ್ತಿ ಆಸ್ಪತ್ರೆಗೆ ಹೋಗುವ ದಾರಿ ಅದು. ಈಗ ಹಾಗಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅದರ 100ನೇ ಸೆಕ್ಷನ್ ಪೊಲೀಸರಿಗಾಗಿಯೇ ಬರೆದದ್ದು. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವವರನ್ನು, ಕಾಯಿಲೆಯಿಂದಾಗಿ ತನಗೋ ಇತರರಿಗೋ ಅಪಾಯ ಮಾಡಿಕೊಳ್ಳಬಹುದಾದವರನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು. ಗಮನಿಸಿ, ಬಂಧಿಸಬೇಕು ಅಂತ ಇಲ್ಲ. ಯಾಕೆ ಕರೆದೊಯ್ಯುತ್ತಿದ್ದೇವೆ ಅಂತ ಅವರಿಗೇ ತಿಳಿಸಬೇಕು. ಹೇಳಿದರೆ ಅರ್ಥವಾಗದ ಸ್ಥಿತಿಯಲ್ಲಿದ್ದರೆ ಅವರ ಪರವಾಗಿ ಇರುವವರಿಗೆ ತಿಳಿಸಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಯಾವ ಕಾರಣಕ್ಕೂ ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವ ಹಾಗಿಲ್ಲ.

ಇನ್ನೊಂದು ಮಾತನ್ನು ನಮ್ಮವರೇ ಎಷ್ಟೋ ಜನ ಮರೆಯುತ್ತಾರೆ. ಅಲೆಯುವವರು ಸಿಕ್ಕಿದರೆ ಕಾಣೆಯಾದವರ ಎಫ್‌ಐಆರ್ ಹಾಕಿ, ಮನೆಯವರನ್ನು ಹುಡುಕುವುದು ಕೂಡಾ ಠಾಣೆಯದೇ ಕೆಲಸ. ನಮ್ಮಂಥ ಗಡಿ ಜಿಲ್ಲೆಯಲ್ಲಿ ಇದು ದೊಡ್ಡದು. ರೈಲು ಹತ್ತಿದವನು ಎಲ್ಲಿ ಇಳಿಯುತ್ತಾನೆ ಅಂತ ಹೇಳುವವರಾರು? ನಮ್ಮಲ್ಲಿ ಇಳಿದವನು ಮರಾಠಿ ಮಾತಾಡಬಹುದು, ಒಡಿಯಾ ಮಾತಾಡಬಹುದು. ಅವನ ಭಾಷೆಯ ಒಬ್ಬರನ್ನು ಫೋನಿನಲ್ಲಾದರೂ ಹುಡುಕಿ ಕೊಟ್ಟರೆ ಅರ್ಧ ಕೆಲಸ ಆದ ಹಾಗೆ. ಕಟ್ಟಡ ಕೆಲಸದವರ ಶೆಡ್ಡಿಗೆ ಹೋದರೆ ಭಾರತದ ಎಲ್ಲ ಭಾಷೆಯೂ ಸಿಗುತ್ತದೆ!

ಮನೆಯೊಳಗೇ ಕಟ್ಟಿಹಾಕಿರುವವರೂ ಇದ್ದಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಇಂಥ ಕಾಯಿಲೆಯವರನ್ನು ಇಟ್ಟಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದವರಿಗೆ ಓಡಲು ಆಗಲಿಲ್ಲ. 28 ಜನ ತೀರಿಹೋದರು. ಸರಪಳಿ ಹಾಕುವುದನ್ನು ಈಗಿನ ಕಾಯ್ದೆ ಪೂರ್ತಿ ನಿಷೇಧಿಸಿದೆ. ಮನೆಯಲ್ಲಿ ಕಾಯಿಲೆಯವರನ್ನು ಹಿಂಸೆ ಮಾಡುತ್ತಿದ್ದಾರೆ ಅಥವಾ ಕಡೆಗಣಿಸಿದ್ದಾರೆ ಅಂತ ಅನಿಸಿದರೆ ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಕೊಡಬೇಕು. ಕೇರಳದಲ್ಲಿ 2008ರಿಂದ ಜನಮೈತ್ರಿ ಬೀಟ್ ಇದೆ, ಪೊಲೀಸರು ಮನೆಮನೆಗೆ ಹೋಗುತ್ತಾರೆ. ಹಿಂದಿನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಇದ್ದರೆ ಕಣ್ಣಿಗೆ ಬೀಳಬೇಕು. ಆದರೆ ಒಳಗಿರುವವರ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಮಾತಾಡಬೇಡಿ. ಮೂವತ್ತು ವರ್ಷ ಅವಳೊಬ್ಬಳೇ ನೋಡಿಕೊಂಡಿರುತ್ತಾಳೆ.

ಈಗ ಲಾಕಪ್ಪಿನ ಇನ್ನೊಂದು ವಿಷಯ. ದಿನಾ ಜಾಸ್ತಿ ಕುಡಿಯುವವನೊಬ್ಬನನ್ನು ಹಿಡಿದು ತರುತ್ತೀರಿ. ಒಳಗೆ ಕುಡಿಯಲು ಸಿಗುವುದಿಲ್ಲ. ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತಾನೆ. ಎರಡು ಮೂರು ದಿನ ಆಗುವಾಗ ಗೋಡೆಯ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾನೆ, ಇಲ್ಲದವರ ಹತ್ತಿರ ಮಾತಾಡುತ್ತಾನೆ, ಬಾಗಿಲು ಬಡಿಯುತ್ತಾನೆ. ನಾಟಕ ಮಾಡುತ್ತಿದ್ದಾನೆ ಅಂತ ನಾವು ನಗುತ್ತಿದ್ದೆವು. ಅದು ನಾಟಕ ಅಲ್ಲ. ಅಭ್ಯಾಸ ಆದ ಮೈಗೆ ಕುಡಿತ ಏಕಾಏಕಿ ನಿಂತಾಗ ಮಿದುಳು ಕೆರಳುತ್ತದೆ. ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ತಕ್ಷಣ ಆಸ್ಪತ್ರೆಗೆ ಸೇರಿಸಬೇಕಾದ ಕೇಸು ಅದು. ತಲೆಗೆ ಪೆಟ್ಟು ಬಿದ್ದವನೂ ಸಕ್ಕರೆ ಇಳಿದವನೂ ಮರುಳರ ಹಾಗೆ ಕಾಣಬಹುದು. ಯಾವುದು ಯಾವುದು ಅಂತ ಠಾಣೆಯಲ್ಲಿ ಕೂತು ತೀರ್ಮಾನ ಮಾಡುವುದು ನಮ್ಮ ಕೆಲಸವಲ್ಲ, ಡಾಕ್ಟರದ್ದು.

ನಮ್ಮ ಕಡೆ 'ಕುದಿರವಟ್ಟಕ್ಕೆ ಕಳಿಸ್ತೇನೆ' ಅನ್ನುವುದು ಒಂದು ಬೈಗುಳ. ಕೋಝಿಕ್ಕೋಡಿನ ಸರಕಾರಿ ಮಾನಸಿಕ ಆಸ್ಪತ್ರೆ ಇರುವ ಜಾಗ ಅದು. ಠಾಣೆಯಲ್ಲಿ ಆ ತಮಾಷೆ ಬಿಟ್ಟರೆ ಒಳ್ಳೆಯದು. ಕೇಳಿಸಿಕೊಳ್ಳುವ ಪೊಲೀಸರಲ್ಲೂ ನಿದ್ದೆ ಬಾರದೆ, ಹೇಳಲೂ ಆಗದೆ ಇರುವವರು ಇರುತ್ತಾರೆ. ಟೆಲಿ ಮಾನಸ್ ಅಂತ ಒಂದು ಸರಕಾರಿ ಸಹಾಯವಾಣಿ ಇದೆ. 14416. 2022ರಲ್ಲಿ ಶುರುವಾದದ್ದು, ಕರೆಗೆ ದುಡ್ಡಿಲ್ಲ. ಮನೆಯವರೂ ಮಾಡಬಹುದು, ಪೊಲೀಸರೂ ಮಾಡಬಹುದು.

ಅಮೆರಿಕದ ಮೆಂಫಿಸ್ ಎಂಬ ಊರಿನಲ್ಲಿ 1987ರಲ್ಲಿ, ಚೂರಿ ಹಿಡಿದು ತನ್ನನ್ನೇ ಗಾಯ ಮಾಡಿಕೊಳ್ಳುತ್ತಿದ್ದ ಯುವಕನನ್ನು ಪೊಲೀಸರು ಗುಂಡಿಟ್ಟು ಕೊಂದರು. ಜನ ಸಿಟ್ಟಾದರು. ಮರುವರ್ಷವೇ ಅಲ್ಲಿ ಇಂಥ ಕರೆಗಳಿಗೆ ಹೋಗಲೆಂದು ಪೊಲೀಸರದೇ ಒಂದು ತಂಡ ತಯಾರಾಯಿತು. 40 ಗಂಟೆಗಳ ತರಬೇತಿ. ಅದರಲ್ಲಿ ಮುಖ್ಯವಾಗಿ ಕಲಿಸುವುದು ಮಾತಾಡುವುದನ್ನು. ನಮ್ಮ ಕಾಯ್ದೆಯೂ ಪೊಲೀಸರಿಗೆ ಆಗಾಗ ತರಬೇತಿ ಕೊಡಬೇಕು ಅನ್ನುತ್ತದೆ. ನನಗೆ ಸಿಕ್ಕಿದ ತರಬೇತಿ ಎಂತದ್ದು ಅಂತ ಕೇಳಿದರೆ, ಒಬ್ಬ ಎಳೆ ಪ್ರಾಯದ ಎಸ್‌ಐಯನ್ನು ನೋಡಿ ಕಲಿತದ್ದು.

ನಾನು ನಿವೃತ್ತನಾಗುವ ಹಿಂದಿನ ಎಪ್ರಿಲ್. ಒಂದು ತೋಟದ ಮನೆಯಿಂದ ಫೋನು ಬಂತು. ಮಗ ಕತ್ತಿ ಹಿಡಿದು ಅಂಗಳದಲ್ಲಿ ನಿಂತಿದ್ದಾನೆ, ಯಾರನ್ನೂ ಹತ್ತಿರ ಬಿಡುತ್ತಿಲ್ಲ. ಎಸ್‌ಐ ತಿರುವನಂತಪುರದ ಕಡೆಯವರು. ಕನ್ನಡ ಒಂದಕ್ಷರ ಬಾರದು. ಸೈರನ್ ಹಾಕಬೇಡಿ ಅಂದರು. ಜೀಪನ್ನು ದೂರದಲ್ಲೇ ನಿಲ್ಲಿಸಿದರು. ಗೇಟಿನಲ್ಲಿ ಮೊಬೈಲ್ ಎತ್ತಿ ಹಿಡಿದಿದ್ದ ಜನರನ್ನು ಆಚೆ ಕಳಿಸಿದರು. ಆಮೇಲೆ ನನ್ನ ಹತ್ತಿರ, 'ನೀವೊಬ್ಬರೇ ಮಾತಾಡಿ, ನಮಗೆ ಅವಸರ ಇಲ್ಲ' ಅಂದರು. ಮೇಲಧಿಕಾರಿ ಹಿಂದೆ ಸರಿದು ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಕತ್ತಿ ಬೀಸಿದರೂ ತಾಗದಷ್ಟು ದೂರದಲ್ಲಿ ನಾನು ಕಲ್ಲಿನ ಮೇಲೆ ಕೂತೆ. 'ಅಣ್ಣಾ, ನಾನು ಪೆರ್ಲದವ. ನಿಮಗೆ ಉಪದ್ರ ಕೊಡಲು ಬಂದದ್ದಲ್ಲ' ಅಂದೆ. ಕರೆಂಟು ಕಂಬದಿಂದ ಯಾರೋ ಹೆಸರು ಹಿಡಿದು ಬೈಯುತ್ತಾರೆ ಅಂದ. ಹಾಗೇನೂ ಇಲ್ಲ ಅಂತ ವಾದಿಸಲು ಹೋಗಲಿಲ್ಲ. ಹೌದು ಹೌದು ಅಂತಲೂ ಅನ್ನಲಿಲ್ಲ. 'ನನಗೆ ಕೇಳುವುದಿಲ್ಲ ಅಣ್ಣಾ. ಆದರೆ ರಾತ್ರಿ ಹಗಲು ಬೈಗುಳ ಕೇಳುತ್ತಿದ್ದರೆ ನಿದ್ದೆ ಹೇಗೆ ಬರಬೇಕು?' ಅಂದೆ. ನಾಲ್ಕು ದಿನ ಆಯ್ತು ಮಲಗದೆ ಅಂದ. ಮತ್ತೆ ಇಬ್ಬರೂ ಸುಮ್ಮನೆ ಕೂತೆವು. ಒಂದೂವರೆ ಗಂಟೆ ಕಳೆದಿರಬೇಕು. ಕತ್ತಿ ಯಾವಾಗ ನೆಲಕ್ಕೆ ಬಂತು ಅಂತ ನನಗೂ ಸರಿ ನೆನಪಿಲ್ಲ. ಆಸ್ಪತ್ರೆಗೆ ಹೋಗೋಣ, ನಿದ್ದೆಗೆ ಮದ್ದು ಕೇಳೋಣ ಅಂದೆ. ಮದುವೆಗೆ ಹೋಗೋಣ, ಪೇಟೆಗೆ ಹೋಗೋಣ ಅಂತ ಸುಳ್ಳು ಹೇಳಿ ಜೀಪು ಹತ್ತಿಸುವವರಿದ್ದಾರೆ. ಒಮ್ಮೆ ಹತ್ತಿಸಬಹುದು, ಎರಡನೇ ಸಲ ಅವನು ಯಾರನ್ನೂ ನಂಬುವುದಿಲ್ಲ.

ಅವನು ಆಕಾಶ ನೋಡಿದ. ಮೋಡ ಕಟ್ಟಿತ್ತು. 'ಅಂಗಳದಲ್ಲಿ ಅಡಿಕೆ ಉಂಟಲ್ಲ ಸಾರ್?' ಅಂದ.

ನಾನು ಎಸ್‌ಐಗೆ ಮಲಯಾಳದಲ್ಲಿ ಹೇಳಿದೆ. ಅವರು ತೊಪ್ಪಿ ತೆಗೆದು ಜಗಲಿಯಲ್ಲಿಟ್ಟು, ಗೋಣಿ ಎಲ್ಲಿದೆ ಅಂತ ಕೇಳಿದರು. ನಾವು ನಾಲ್ಕು ಜನ ಪೊಲೀಸರು, ಅವನ ತಾಯಿ, ಅವನು, ಎಲ್ಲರೂ ಸೇರಿ ಅಡಿಕೆ ಒಟ್ಟುಮಾಡಿ ತುಂಬಿಸಿದೆವು. ಕೊನೆಯ ಗೋಣಿ ಒಳಗೆ ಹೋದ ಮೇಲೆ ಅವನು ಕೈಕಾಲು ತೊಳೆದು, ಬೇರೆ ಅಂಗಿ ಹಾಕಿಕೊಂಡು ಬಂದ. ಜೀಪಿನ ಮುಂದಿನ ಸೀಟು ಬೇಕು ಅಂದ. ಎಸ್‌ಐ ಹಿಂದೆ ಹೋಗಿ ಕೂತರು.