ಹಲ್ಲಿನ ಎಣಿಕೆ ಮತ್ತು ಬಾಯಿಮಾತು

ಕೇಳುಗರಿಗೆ ನಮಸ್ಕಾರ. ಬಾಯಿಯ ಆರೋಗ್ಯದ ಅಧ್ಯಯನಕ್ಕೆ ಹೊರಡುವ ಯುವ ಸಂಶೋಧಕರಿಗೆ ಅಂಕಿಸಂಖ್ಯೆಯನ್ನೂ ಸಂದರ್ಶನವನ್ನೂ ಜೊತೆಗೂಡಿಸುವ ಮಿಶ್ರ ವಿಧಾನವನ್ನು ಕಲಿಸುವ ಬಗೆ ಇಂದಿನ ವಿಷಯ.

ಎಣಿಸುವುದನ್ನು ನಾವು ಚೆನ್ನಾಗಿಯೇ ಕಲಿಸುತ್ತೇವೆ. ಹುಳುಕು ಹಿಡಿದ, ಹುಳುಕಿನಿಂದ ಕಳೆದುಕೊಂಡ ಮತ್ತು ತುಂಬಿಸಿಕೊಂಡ ಹಲ್ಲುಗಳನ್ನು ಕೂಡಿಸುವ ಡಿಎಂಎಫ್‌ಟಿ ಸೂಚ್ಯಂಕ 1938ರಷ್ಟು ಹಳೆಯದು. ಇಬ್ಬರು ಪರೀಕ್ಷಕರು ಒಂದೇ ಬಾಯಿಯನ್ನು ನೋಡಿ ಒಂದೇ ತೀರ್ಮಾನಕ್ಕೆ ಬರುತ್ತಾರೆಯೇ ಎಂಬುದನ್ನು ಕಪ್ಪಾ ಅಂಕದಿಂದ ಅಳೆದು, ತಾಳೆಯಾಗದಿದ್ದರೆ ಮತ್ತೆ ಕೂರಿಸಿ ಕಲಿಸುತ್ತೇವೆ. ಅದೇ ವಿದ್ಯಾರ್ಥಿಯನ್ನು ‘ನಾಲ್ಕು ಜನರನ್ನು ಮಾತಾಡಿಸಿಕೊಂಡು ಬಾ’ ಎಂದು ಕಳುಹಿಸುವಾಗ ಮಾತ್ರ ಈ ಶಿಸ್ತು ನಮಗೆ ನೆನಪಾಗುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ಅಂಕೋಲೆಯ ಮೀನು ಮಾರುವ ಮಹಿಳೆಯೊಬ್ಬಳ ಡಿಎಂಎಫ್‌ಟಿ ಅಂಕ 6, ಕಾರವಾರದ ಕಚೇರಿ ನೌಕರನೊಬ್ಬನದೂ 6 ಎಂದಿಟ್ಟುಕೊಳ್ಳಿ. ಅವನು ಆರು ಹಲ್ಲುಗಳನ್ನು ತುಂಬಿಸಿಕೊಂಡಿದ್ದಾನೆ, ಅವಳು ಆರನ್ನೂ ಕೀಳಿಸಿಕೊಂಡಿದ್ದಾಳೆ. ಅಂಕವನ್ನು ಬಿಡಿಸಿ ನೋಡಿದರೆ ವ್ಯತ್ಯಾಸ ಕಾಣುತ್ತದೆ, ಕಾರಣ ಕಾಣುವುದಿಲ್ಲ. ರೂಟ್ ಕೆನಾಲ್‌ಗೆಂದು ಮತ್ತೆ ಮತ್ತೆ ಬಸ್ಸು ಹತ್ತಿದರೆ ಅಷ್ಟು ದಿನದ ವ್ಯಾಪಾರ ಹೋಗುತ್ತದೆ, ಕೀಳಿಸಿದರೆ ಒಂದೇ ದಿನಕ್ಕೆ ಮುಗಿಯುತ್ತದೆ ಎಂಬ ಅವಳ ಲೆಕ್ಕಾಚಾರ ತಿಳಿಯಬೇಕಾದರೆ, ಕೊಂಕಣಿಯಲ್ಲೋ ಕನ್ನಡದಲ್ಲೋ, ಅವಳ ಬಿಡುವಿನ ಹೊತ್ತು ನೋಡಿ ಕುಳಿತು ಕೇಳಬೇಕು.

ಶಿರಸಿಯ ಕಡೆ ಈ ಕ್ರಮವನ್ನೇ ತಿರುಗಿಸಿ, ಮಾತನ್ನು ಮೊದಲಿಡುವುದು ಲೇಸು. ಅಡಿಕೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಅಡಿಕೆ ತೋಟದಿಂದಲೇ ಬದುಕುವ ಮನೆಯ ಜಗುಲಿಯಲ್ಲಿ, ಕವಳದ, ಅಂದರೆ ಎಲೆಯಡಿಕೆಯ, ಹರಿವಾಣವನ್ನು ಮುಂದಿಟ್ಟು ಉಪಚರಿಸುವವರಿಗೆ ‘ನಿಮಗೆ ಜಗಿಯುವ ಚಟವಿದೆಯೇ’ ಎಂಬ ಸಿದ್ಧ ಪ್ರಶ್ನೆ ಹಾಕಿದರೆ ‘ಇಲ್ಲ’ ಎಂಬ ಉತ್ತರವೇ ಬಂದೀತು. ಊಟದ ಮೇಲೆ, ಕೊನೆಕೊಯ್ಲಿನ ನಡುವೆ, ನೆಂಟರು ಬಂದಾಗ ಹಾಕುವ ಕವಳವನ್ನು ಅವರು ಚಟದ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅದನ್ನರಿತ ಮೇಲೆ ಪ್ರಶ್ನಾವಳಿಯನ್ನು ಬರೆಯಬೇಕು.

ಹೆಚ್ಚಿನ ವರದಿಗಳು ಸೋಲುವುದು ಇವೆರಡನ್ನೂ ಹೆಣೆಯುವಲ್ಲಿ: ಒಂದು ಅಧ್ಯಾಯದಲ್ಲಿ ಶೇಕಡಾವಾರು, ಇನ್ನೊಂದರಲ್ಲಿ ಜನರ ಮಾತು, ಒಂದಕ್ಕೊಂದು ಮುಖ ನೋಡುವುದಿಲ್ಲ. ತರಬೇತಿಯ ಹೆಚ್ಚಿನ ದಿನಗಳನ್ನು ನಾನು ಒಂದೇ ಕೋಷ್ಟಕಕ್ಕೆ ಮೀಸಲಿಟ್ಟೇನು. ಒಬ್ಬೊಬ್ಬರಿಗೆ ಒಂದು ಸಾಲು, ಎಡಗಡೆ ಪರೀಕ್ಷೆಯಲ್ಲಿ ಕಂಡದ್ದು, ಬಲಗಡೆ ಅವರೇ ಆಡಿದ ಮಾತು. ಅಡಿಕೆ ಮುಟ್ಟುವುದಿಲ್ಲ ಎಂದವರ ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ, ಕೆನ್ನೆಯ ಒಳಪದರ ಬಿಳಿಚಿ ಬಿಗಿದಿದ್ದರೆ, ಅಂದರೆ ಅಡಿಕೆ ಜಗಿಯುವವರಲ್ಲಿ ಕಾಣುವ ಗುರುತುಗಳೇ ಇದ್ದರೆ, ಆ ಸಾಲನ್ನು ‘ತಪ್ಪು ಮಾಹಿತಿ’ ಎಂದು ಹೊಡೆದುಹಾಕುವ ಬದಲು ವಿದ್ಯಾರ್ಥಿ ಮತ್ತೊಮ್ಮೆ ಆ ಮನೆಗೆ ಹೋಗಿ, ಮೊದಲ ಪ್ರಶ್ನೆಯನ್ನು ತಾನು ಯಾರೆದುರು, ಹೇಗೆ ಕೇಳಿದ್ದೆ ಎಂಬುದನ್ನೂ ಸೇರಿಸಿ ಬರೆದು ತರಬೇಕು.