ಚಪ್ಪಲಿ ಬಿಚ್ಚಿ ತೋರಿಸಿ

ಕೇಳುಗರಿಗೆ ನಮಸ್ಕಾರ. ಮುಂಬಯಿಯ ನನ್ನ ದವಾಖಾನೆಗೆ ಮಾಟುಂಗ, ಡೊಂಬಿವಲಿ ಕಡೆಯ ನಮ್ಮ ಕನ್ನಡದವರು ಬಂದರೆ ಮೊದಲು ತೋರಿಸುವುದು ಮುಖ, ಕುತ್ತಿಗೆ. ಕೆನ್ನೆ ಮೇಲೆ ಸಾಸಿವೆಯಷ್ಟು ಕಪ್ಪು ಕಾಳುಗಳು, ಕುತ್ತಿಗೆಯಲ್ಲಿ ನರುಲಿ. ಕಾಳುಗಳು ತಾಯಿಗಿದ್ದರೆ ಮಗಳಿಗೂ ಬರುವುದುಂಟು. ಇವುಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಸುಣ್ಣ ಮಾತ್ರ ಹಚ್ಚಬೇಡಿ, ಸುಟ್ಟ ಕಲೆ ವರ್ಷಗಟ್ಟಲೆ ಉಳಿಯುತ್ತದೆ.

ನಾನು ನೋಡಬೇಕೆನ್ನುವುದು ಅಂಗಾಲು. ಚಪ್ಪಲಿ ಬಿಚ್ಚಿ ಅಂದರೆ ಹಿರಿಯರು ಸಂಕೋಚಪಡುತ್ತಾರೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಬರುವುದು ಬಿಸಿಲೇ ಕಾಣದ ಅಂಗಾಲು, ಅಂಗೈ, ಉಗುರಿನಡಿಯಲ್ಲಿ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲಿನ ಹೆಬ್ಬೆರಳಿನ ಉಗುರಿನಡಿ. 1981ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡರು. ಉಗುರಿನುದ್ದಕ್ಕೂ ಕಂದು ಗೆರೆಗಳು ಹಲವು ಬೆರಳುಗಳಲ್ಲಿ ಇರುವುದು ಕಪ್ಪು ಮೈಬಣ್ಣದವರಿಗೆ ಸಹಜವೇ. ಒಂದೇ ಬೆರಳಲ್ಲಿ ಹೊಸದಾಗಿ ಬಂದು, ಅಗಲವಾಗುತ್ತ, ಉಗುರಿನ ಬುಡದ ಚರ್ಮಕ್ಕೂ ಬಣ್ಣ ಇಳಿದರೆ ತಡ ಮಾಡಬೇಡಿ. ಅಂಗಾಲಿನ ಕಪ್ಪು ಮಚ್ಚೆಯನ್ನು ಆಣಿ ಎಂದುಕೊಂಡು ಬ್ಲೇಡಿನಿಂದ ಕೆರೆಯುತ್ತ ತಿಂಗಳುಗಳನ್ನು ಕಳೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ಜಾಗ ಸೊಂಟ. ತಾಯಂದಿರೇ, ಲಂಗದ ಲಾಡಿ ಬಿಗಿದು ಬಿಗಿದು ಅಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಕೆಲವರಿಗೆ ಅದೇ ಗೆರೆಯ ಮೇಲೆ ಮಾಯದ ಹುಣ್ಣು, ಗಂಟು ಏಳುತ್ತದೆ, ಅದು ಕ್ಯಾನ್ಸರ್ ಆಗಿರಬಹುದು. ಧೋತರ ಕಟ್ಟುವವರಲ್ಲಿ ಇಂಥದೇ ಕ್ಯಾನ್ಸರ್ ಬರುವುದನ್ನು 1945ರಲ್ಲೇ ಲೋಕಕ್ಕೆ ತಿಳಿಸಿದವರು ಇದೇ ಮುಂಬಯಿಯ ಡಾಕ್ಟರ್ ಖಾನೋಲ್ಕರ್ ಮತ್ತು ಸೂರ್ಯಬಾಯಿ. ಹಳೆಯ ಸುಟ್ಟಗಾಯದ ಕಲೆಯಲ್ಲೂ ಹೀಗಾಗಬಹುದು. ಲಾಡಿಯನ್ನು ಸಡಿಲ ಮಾಡಿ, ಅಗಲ ಪಟ್ಟಿಯದನ್ನು ಬಳಸಿ, ಕಟ್ಟುವ ಜಾಗ ಬದಲಿಸುತ್ತಿರಿ.

ವೈದ್ಯ ಮಿತ್ರರಲ್ಲೂ ಒಂದು ಮಾತು. ನಾವು ಓದಿದ ಪುಸ್ತಕಗಳ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ಅಲ್ಲಿ ಕೆಂಪಗೆ ಕಾಣುವ ಉರಿಯೂತ ಇಲ್ಲಿ ನೇರಳೆ, ಬೂದು, ಕಡುಗಂದು. ಬೇಸಲ್ ಸೆಲ್ ಎಂಬ ಇನ್ನೊಂದು ಚರ್ಮದ ಕ್ಯಾನ್ಸರ್ ಅಲ್ಲಿ ಮುತ್ತಿನ ಬಣ್ಣದ ಗಂಟು. ಇಲ್ಲಿ ಹೊಳೆಯುವ ಕಪ್ಪು ಗುಳ್ಳೆ, ಮಚ್ಚೆಯೆಂದು ಬಿಟ್ಟುಬಿಡುವಂಥದು. ಬಣ್ಣ ಒಂದನ್ನೇ ನಂಬದೆ ಬೆರಳಿಟ್ಟು ಒತ್ತಿ, ಬಿಸಿ, ಗಟ್ಟಿತನ ನೋಡಿ, ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಹಿಡಿಯಿರಿ, ಅನುಮಾನ ಉಳಿದರೆ ಬಯಾಪ್ಸಿ ಮಾಡಿಸಿ.

ಬಯಾಪ್ಸಿಗೆಂದು ಚರ್ಮದ ಚೂರು ತೆಗೆದರೆ ರೋಗ ಹರಡುತ್ತದೆ ಎಂದು ಮನೆಯವರು ತಡೆಯುತ್ತಾರೆ. ಹಾಗೆ ಹರಡುವುದಿಲ್ಲ. ಜಾಗ ಮರಗಟ್ಟಿಸಿ ತೆಗೆಯುವ ಸಣ್ಣ ತುಣುಕು ಅದು. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ವರದಿ ಬಂದ ಮೇಲೆ ಆ ಕಾಗದವನ್ನು ಜೋಪಾನವಾಗಿಡಿ, ಮುಂದೆ ಯಾವ ವೈದ್ಯರ ಬಳಿ ಹೋದರೂ ಅದನ್ನು ತೋರಿಸಿ.